ಸಂಬಳವನ್ನಲ್ಲ, ಉಳಿದದ್ದನ್ನು ಗುಣಿಸಿ

ಮಾನ್ಯ ಸಂಪಾದಕರೇ,

ಮುಂಬಯಿಯ ನಮ್ಮವರ ಮದುವೆ ಹಾಲ್‌ಗಳಲ್ಲಿ, ಸಂಘದ ವಾರ್ಷಿಕೋತ್ಸವದ ಊಟದ ಪಂಕ್ತಿಯಲ್ಲಿ, ಮತ್ಸ್ಯಗಂಧ ರೈಲಿನ ಬೋಗಿಯಲ್ಲಿ ಒಂದು ಲೆಕ್ಕ ಸದಾ ಓಡಾಡುತ್ತಿರುತ್ತದೆ. 'ಹುಡುಗ ದುಬೈಯಲ್ಲಿದ್ದಾನೆ, ಒಂಬತ್ತು ಸಾವಿರ ದಿರ್ಹಂ, ಅಂದರೆ ನಮ್ಮ ಎರಡು ಲಕ್ಷ!' ದಿರ್ಹಂ ಒಂದಕ್ಕೆ 23 ರೂಪಾಯಿ ಹಿಡಿದರೆ 2,07,000. ಗುಣಾಕಾರದಲ್ಲಿ ತಪ್ಪಿಲ್ಲ. ಗುಣಿಸಿದ ಸಂಖ್ಯೆಯೇ ತಪ್ಪು.

ಆ ಒಂಬತ್ತು ಸಾವಿರದಲ್ಲಿ ಒಂದು ಪಾಲು ಯಾವತ್ತೂ ರೂಪಾಯಿಯಾಗುವುದೇ ಇಲ್ಲ. ಅಲ್ಲೇ ಬಂದು ಅಲ್ಲೇ ಮನೆ ಬಾಡಿಗೆಗೆ, ಕರೆಂಟಿಗೆ, ಶಾಲೆಗೆ ಹೋಗುತ್ತದೆ. ತಿಂಗಳ ಕೊನೆಗೆ ಎಕ್ಸ್‌ಚೇಂಜಿನ ಕಿಟಕಿಯಲ್ಲಿ ಕೊಡುವಷ್ಟು ಕೈಯಲ್ಲಿ ಉಳಿದರೆ ಅದಷ್ಟೇ ರೂಪಾಯಿ. ಗುಣಿಸಬೇಕಾದದ್ದು ಅದನ್ನು. ಎಷ್ಟು ಉಳಿಯುತ್ತದೆ ಎನ್ನುವುದಕ್ಕೆ ಸಂಬಳಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಹೋಗುವವನು ಒಬ್ಬನೇ ಹೋಗುತ್ತಾನೋ, ಹೆಂಡತಿ ಮಕ್ಕಳೊಂದಿಗೋ. ನಮ್ಮ ಮದುವೆ ಹಾಲ್‌ಗಳ ಲೆಕ್ಕದಲ್ಲಿ ಈ ಪ್ರಶ್ನೆ ಬರುವುದೇ ಕಡಿಮೆ. ಹಾಗಾಗಿ ಇಷ್ಟು ಉದ್ದದ ಪತ್ರ. ಕೆಳಗಿನ ಮೊತ್ತಗಳಲ್ಲಿ ಸರಕಾರಿ ಶುಲ್ಕಗಳು ಇದ್ದಹಾಗೇ ಇವೆ. ಬಾಡಿಗೆ, ದಿನಸಿಯಂಥವನ್ನು ಲೆಕ್ಕಕ್ಕಾಗಿ ಇಟ್ಟುಕೊಂಡದ್ದು. ಓದುವವರು ತಮ್ಮ ಬಡಾವಣೆಯ ದರ ಹಾಕಿ ತಿದ್ದಿಕೊಳ್ಳಬಹುದು.

ಮೊದಲು ಅದೇ ಒಂಬತ್ತು ಸಾವಿರದವನು ಒಬ್ಬನೇ ಇದ್ದಾನೆ ಎಂದಿಟ್ಟುಕೊಳ್ಳಿ. ಹಂಚಿಕೊಂಡ ಕೋಣೆಯಲ್ಲಿ ಬೆಡ್‌ಸ್ಪೇಸ್‌ಗೆ ಸಾವಿರ ದಿರ್ಹಂ, ಮೆಸ್ಸಿನ ಊಟ ತಿಂಡಿಗೆ ಎಂಟುನೂರು, ಮೆಟ್ರೋ ಬಸ್ಸಿನ ಎಲ್ಲ ವಲಯಗಳ ತಿಂಗಳ ಪಾಸಿಗೆ 350, ಮೊಬೈಲಿಗೆ 150, ಕೈಖರ್ಚಿಗೆ 500. ಒಟ್ಟು 2,800. ಉಳಿದದ್ದು 6,200 ದಿರ್ಹಂ, ಅಂದರೆ 1,42,600 ರೂಪಾಯಿ. ಊರಲ್ಲೋ ಮುಂಬಯಿಯಲ್ಲೋ ಇರುವ ಮನೆಯವರ ಖರ್ಚಿಗೆ 45,000 ಹೋದರೂ ತಿಂಗಳಿಗೆ 97,600 ಕಟ್ಟಿಡಬಹುದು. ಗಲ್ಫಿಗೆ ಹೋದವರು ಊರಲ್ಲಿ ಮನೆ ಕಟ್ಟಿದ್ದು, ತಂಗಿಯರ ಮದುವೆ ಮಾಡಿದ್ದು ಈ ಲೆಕ್ಕದ ಬಲದಿಂದಲೇ. ಅದನ್ನು ಸುಳ್ಳು ಎನ್ನಲಾರೆ. ಆದರೆ ಅಗ್ಗದ ಬೆಡ್‌ಸ್ಪೇಸ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. 2025ರ ಜೂನ್‌ನಲ್ಲಿ ದುಬೈ ಪಾಲಿಕೆ ರಿಗ್ಗಾ, ಮುರಕ್ಕಬಾತ್, ಸತ್ವಾ, ಬರ್ಷಾ ಕಡೆಯ ಅನಧಿಕೃತ ಪಾರ್ಟಿಷನ್‌ಗಳ ಮೇಲೆ ಕ್ರಮಕ್ಕಿಳಿಯಿತು. ಮನೆಯ ಹಾಲ್‌ನ ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ ಮಾಡಿದ ಕೋಣೆಗೆ ಕಾಗದಪತ್ರ ಇರುವುದಿಲ್ಲ. ಅಧಿಕಾರಿಗಳು ಬಂದ ದಿನ ಪೆಟ್ಟಿಗೆ ಹಿಡಿದು ಹೊರಬೀಳುವವನು ಬಾಡಿಗೆದಾರನೇ.

ಈಗ ಅದೇ ಮನುಷ್ಯ ಹೆಂಡತಿಯನ್ನೂ ಒಂದು ಮಗುವನ್ನೂ ಕರೆಸಿಕೊಳ್ಳಲಿ. ವೀಸಾ ನಿಯಮದ ಪ್ರಕಾರ ನಾಲ್ಕು ಸಾವಿರ ದಿರ್ಹಂ ಸಂಬಳ ಅಥವಾ ಮೂರು ಸಾವಿರ ಮತ್ತು ವಸತಿ ಇದ್ದರೆ ಕುಟುಂಬ ಕರೆಸಬಹುದು. ಕರೆಸಬಹುದು ಎಂದರೆ ಸಾಕಬಹುದು ಎಂದಲ್ಲ. ನಗರದ ಅಂಚಿನಲ್ಲಿ ಸಣ್ಣ ಮನೆಗೆ ವರ್ಷಕ್ಕೆ 54,000. ಅದರ ಮೇಲೆ ಬಾಡಿಗೆಯ ಶೇ 5ರಷ್ಟು ಪಾಲಿಕೆಯ ವಸತಿ ಶುಲ್ಕ 2,700. ಕರೆಂಟು, ನೀರು, ಎಸಿಗೆ ತಿಂಗಳಿಗೆ 600ರಂತೆ 7,200. ಭಾರತೀಯ ಪಠ್ಯಕ್ರಮದ ಕಡಿಮೆ ದರದ ಶಾಲೆಯೆಂದು ಹಿಡಿದರೂ ಶುಲ್ಕ, ಬಸ್ಸು ಸೇರಿ 16,000. ದಿನಸಿ, ಹಾಲು, ಮೀನು, ತರಕಾರಿಗೆ ತಿಂಗಳಿಗೆ 1,500ರಂತೆ 18,000. ದುಡಿಯುವವನ ಪ್ರಯಾಣ 4,200. ಮನೆಯ ಇಂಟರ್‌ನೆಟ್ಟು, ಎರಡು ಮೊಬೈಲು ಸೇರಿ 6,000. ಹೆಂಡತಿ ಮಗುವಿನ ಆರೋಗ್ಯ ವಿಮೆಗೆ 2,500. ದುಬೈಯಲ್ಲಿ ನೌಕರನ ವಿಮೆ ಕಂಪೆನಿಯ ಹೊಣೆ, ಅವಲಂಬಿತರದ್ದು ಕರೆಸಿಕೊಂಡವನ ಹೊಣೆ. ಕೂಡಿಸಿ: 1,10,600 ದಿರ್ಹಂ. ವರ್ಷದ ಸಂಬಳ 1,08,000. ಬಟ್ಟೆಬರೆ, ಔಷಧಿ, ಊರಿಗೆ ಹೋಗಿಬರುವ ಟಿಕೆಟು ಯಾವುದನ್ನೂ ಹಿಡಿಯದೆಯೇ 2,600 ದಿರ್ಹಂ ಕೊರತೆ. ಎರಡು ಲಕ್ಷದ ಹುಡುಗ ಕ್ರೆಡಿಟ್ ಕಾರ್ಡಿನ ಮೇಲೆ ಬದುಕುತ್ತಿದ್ದಾನೆ.

ಇನ್ನೊಂದು ರೀತಿ ನೋಡಿ. ಒಬ್ಬನೇ ಇದ್ದಾಗ ಉಳಿಯುತ್ತಿದ್ದ 97,600 ರೂಪಾಯಿ ಕುಟುಂಬದೊಂದಿಗೆ ಇದ್ದಾಗಲೂ ಉಳಿಯಬೇಕಾದರೆ ಸಂಬಳ ಸುಮಾರು 13,500 ದಿರ್ಹಂ ಆಗಬೇಕು. ಎಂದರೆ 'ಫ್ಯಾಮಿಲಿ ಕರೆಸಿಕೊಳ್ಳುತ್ತೇನೆ' ಎನ್ನುವ ಒಂದೇ ನಿರ್ಧಾರಕ್ಕೆ ಸಂಬಳದ ಅರ್ಧದಷ್ಟು ಬೆಲೆ. ಒಟ್ಟಿಗೆ ಇರುವುದಕ್ಕೆ ಆ ಬೆಲೆ ಕೊಡಬಾರದು ಎಂದು ನಾನು ಹೇಳುತ್ತಿಲ್ಲ; ಬೆಲೆ ಗೊತ್ತಿದ್ದು ಕೊಡಲಿ. ಸೌದಿಯಲ್ಲಂತೂ ಇದಕ್ಕೆ ಸರಕಾರವೇ ದರಪಟ್ಟಿ ಹಾಕಿದೆ. ಅವಲಂಬಿತರ ತೆರಿಗೆ 2017ರ ಜುಲೈಯಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್‌ನಿಂದ ಶುರುವಾಗಿ 2020ರ ಜುಲೈಗೆ 400ಕ್ಕೆ ಬಂತು. ಹೆಂಡತಿ, ಇಬ್ಬರು ಮಕ್ಕಳಿಗೆ ವರ್ಷಕ್ಕೆ 14,400 ರಿಯಾಲ್, ಅದೂ ಇಕಾಮಾ (ಅಲ್ಲಿಯ ವಾಸದ ಪರವಾನಗಿ) ನವೀಕರಣದ ಹೊತ್ತಿಗೆ ಮುಂಗಡ. ಅದೇ 2020ರ ಜುಲೈಯಲ್ಲಿ ಅಲ್ಲಿ ವ್ಯಾಟ್ ಶೇ 5ರಿಂದ ಒಮ್ಮೆಲೇ 15ಕ್ಕೆ ಏರಿತು. 'ಗಲ್ಫ್‌ನಲ್ಲಿ ಟ್ಯಾಕ್ಸೇ ಇಲ್ಲ' ಎನ್ನುವವರು ಹಳೆಯ ಕಾಲದ ಮಾತಾಡುತ್ತಿದ್ದಾರೆ. ಅಲ್ಲಿ ಇಲ್ಲದ್ದು ಸಂಬಳದ ಮೇಲಿನ ತೆರಿಗೆ ಮಾತ್ರ.

ಹೋಗುವ ಮುಂಚೆ ಯಾರೂ ಹೇಳದ ಇನ್ನೊಂದು ವಿಷಯ ಮೊದಲ ದಿನದ ನಗದು. ದುಬೈಯಲ್ಲಿ ಇಡೀ ಮನೆಯ ಬಾಡಿಗೆ ಸಾಮಾನ್ಯವಾಗಿ ತಿಂಗಳ ಲೆಕ್ಕದಲ್ಲಿ ನಡೆಯುವುದಿಲ್ಲ, ವರ್ಷದ ಲೆಕ್ಕ. ಒಂದು, ಎರಡು, ನಾಲ್ಕು ಅಥವಾ ಆರು ಮುಂದಿನ ದಿನಾಂಕದ ಚೆಕ್ಕುಗಳು. ಚೆಕ್ಕು ಕಡಿಮೆಯಾದಷ್ಟೂ ಬಾಡಿಗೆಯಲ್ಲಿ ಚೌಕಾಸಿ ಸುಲಭ, ಆದರೆ ಒಮ್ಮೆಗೆ ಕೊಡಬೇಕಾದ ಗಂಟು ದೊಡ್ಡದು. ಮೇಲಿನ 54,000ದ ಮನೆಗೆ ನಾಲ್ಕು ಚೆಕ್ಕೆಂದರೆ ಮೊದಲನೆಯದು 13,500. ಪೀಠೋಪಕರಣ ಇಲ್ಲದ ಮನೆಗೆ ಶೇ 5 ಠೇವಣಿ 2,700. ಏಜೆಂಟನಿಗೆ ಶೇ 5, ಇನ್ನೊಂದು 2,700. ಕರೆಂಟು ನೀರಿನ ಇಲಾಖೆ ದೇವಾಕ್ಕೆ ಫ್ಲ್ಯಾಟಿನ ಠೇವಣಿ 2,000. ಬಾಡಿಗೆ ಕರಾರು ನೋಂದಣಿಯ ಇಜಾರಿಗೆ ಇನ್ನೂರ ಚಿಲ್ಲರೆ. ಒಟ್ಟು ಇಪ್ಪತ್ತೊಂದು ಸಾವಿರ ದಾಟುತ್ತದೆ. ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು, ನಮ್ಮ ಲೆಕ್ಕದಲ್ಲಿ 4.85 ಲಕ್ಷ ರೂಪಾಯಿ, ಹಾಸಿಗೆ ಫ್ರಿಜ್ಜು ಕೊಳ್ಳುವ ಮುಂಚೆ. ಈ ಹಣವನ್ನು ಅಲ್ಲಿಯ ಬ್ಯಾಂಕಿನಿಂದ ಪರ್ಸನಲ್ ಲೋನ್ ಎತ್ತಿ ಕೊಡುವವರಿದ್ದಾರೆ. ಆ ಕಂತು ಮುಂದಿನ ಎರಡು ಮೂರು ವರ್ಷದ ಉಳಿತಾಯವನ್ನು ಸದ್ದಿಲ್ಲದೆ ತಿನ್ನುತ್ತದೆ.

ದೇವಾದ ಬಿಲ್ಲನ್ನು ಒಮ್ಮೆ ಹತ್ತಿರದಿಂದ ಓದಬೇಕು. ಮೇಲೆ ಕರೆಂಟು, ಸ್ಲ್ಯಾಬಿನ ಪ್ರಕಾರ. ಕೆಳಗೆ ಇಂಧನ ಸರ್‌ಚಾರ್ಜು, ನೀರು, ಒಳಚರಂಡಿ. ಅದರ ಕೆಳಗೆ 'ಹೌಸಿಂಗ್ ಫೀ' ಎಂಬ ಸಾಲು: ವರ್ಷದ ಬಾಡಿಗೆಯ ಶೇ 5ರ ಹನ್ನೆರಡನೇ ಒಂದು ಭಾಗ. ಮೇಲಿನ ಮನೆಗೆ ತಿಂಗಳಿಗೆ 225. ಊರಿಗೆ ಬಂದು ಒಂದೂವರೆ ತಿಂಗಳು ಮನೆ ಬೀಗ ಹಾಕಿದರೂ ಇದು ನಿಲ್ಲುವುದಿಲ್ಲ, ಏಕೆಂದರೆ ಇದು ಬಳಕೆಯ ಮೇಲಿನದ್ದಲ್ಲ. ಎಸಿಯದ್ದು ಬೇರೆ ಕಥೆ. ಕೆಲವು ಕಟ್ಟಡಗಳಲ್ಲಿ ಚಿಲ್ಲರ್ (ಇಡೀ ಕಟ್ಟಡಕ್ಕೆ ಒಂದೇ ತಂಪು ವ್ಯವಸ್ಥೆ) ವೆಚ್ಚ ಬಾಡಿಗೆಯಲ್ಲೇ ಸೇರಿರುತ್ತದೆ. ಇನ್ನು ಕೆಲವಲ್ಲಿ ಡಿಸ್ಟ್ರಿಕ್ಟ್ ಕೂಲಿಂಗ್ ಕಂಪೆನಿಯ ಪ್ರತ್ಯೇಕ ಬಿಲ್ಲು, ಅದರಲ್ಲಿ ಬಳಕೆಗೊಂದು ದರ, ಸಾಮರ್ಥ್ಯಕ್ಕೊಂದು ಸ್ಥಿರ ದರ. ಬಳಸದಿದ್ದರೂ ಸ್ಥಿರ ದರ ಕಟ್ಟಲೇಬೇಕು. ಐದು ಸಾವಿರ ಕಡಿಮೆ ಬಾಡಿಗೆಯ ಮನೆ ಸಿಕ್ಕಿತೆಂದು ಹಿಗ್ಗಿದವರು ಬೇಸಿಗೆಯಲ್ಲಿ ಪೆಚ್ಚಾಗುವುದು ಇಲ್ಲಿ. ಸಹಿ ಹಾಕುವ ಮುನ್ನ ಒಂದೇ ಪ್ರಶ್ನೆ ಕೇಳಿ: ಚಿಲ್ಲರ್ ಯಾರ ತಲೆಗೆ? ಇನ್ನು ಕರಾರಿನ ಕೊನೆಗೆ ಬಾಡಿಗೆ ಏರಿಸಬೇಕೆಂದರೆ ಮಾಲೀಕ 90 ದಿನ ಮೊದಲೇ ತಿಳಿಸಬೇಕು ಎಂಬ ನಿಯಮ ದುಬೈಯಲ್ಲಿದೆ. ಅದನ್ನು ತಿಳಿದವರು ಚೌಕಾಸಿಯಲ್ಲಿ ಗೆಲ್ಲುತ್ತಾರೆ.

ದುಬೈ ಪಕ್ಕದ ಶಾರ್ಜಾದಲ್ಲಿ ಬಾಡಿಗೆ ಕಡಿಮೆ ನಿಜ. ಆದರೆ ಬೆಳಿಗ್ಗೆ ಅಲ್ಲಿಂದ ದುಬೈಗೆ ಬರುವ ಅಲ್ ಇತ್ತಿಹಾದ್ ರಸ್ತೆಯಲ್ಲಿ ನಿಂತ ಕಾರುಗಳ ಸಾಲು ನೋಡಿದರೆ ಮುಂಬಯಿಯಂಚಿನ ನಮ್ಮ ಡೊಂಬಿವಲಿಯ ಫಾಸ್ಟ್ ಲೋಕಲ್ ರೈಲೇ ವಾಸಿ. ಬಾಗಿಲಲ್ಲಿ ನೇತಾಡಬೇಕಾದರೂ ಅದು ಓಡುತ್ತದಲ್ಲ!

ಈಗ ಅದೇ ಮೂವರ ಸಂಸಾರ ಡೊಂಬಿವಲಿಯಲ್ಲಿ. ಒನ್ ಬಿಎಚ್‌ಕೆ ಬಾಡಿಗೆ 16,000, ಕರೆಂಟು 1,800, ಗ್ಯಾಸು 900, ಹಾಲು 3,000, ದಿನಸಿ ತರಕಾರಿ ಮೀನು 12,000, ಶಾಲೆ ಮತ್ತು ಅದರ ಬಸ್ಸು 6,000, ಲೋಕಲ್ಲು ಆಟೋ 2,000, ಮೊಬೈಲು ವೈಫೈ 1,500, ಪಾತ್ರೆ ತಿಕ್ಕುವವರಿಗೆ 2,000, ಔಷಧಿ ಇತ್ಯಾದಿಗೆ 5,000. ಒಟ್ಟು 50,200. ಮನೆ ಹಿಡಿಯುವ ದಿನ ಬೇಕಾದದ್ದು: ಐವತ್ತು ಸಾವಿರ ಡಿಪಾಜಿಟ್, ಒಂದು ತಿಂಗಳ ಬಾಡಿಗೆ, ಒಂದು ತಿಂಗಳ ದಲಾಲಿ, ಲೀವ್ ಆ್ಯಂಡ್ ಲೈಸೆನ್ಸ್ ಎನ್ನುವ ಬಾಡಿಗೆ ಕರಾರಿನ ಖರ್ಚು. ಈ ಕರಾರಿನ ಮುದ್ರಾಂಕ ಶುಲ್ಕದ ಬಗ್ಗೆ ಏಜೆಂಟರು ಬಾಯಿಗೆ ಬಂದಷ್ಟು ಹೇಳುತ್ತಾರಾದ್ದರಿಂದ ಲೆಕ್ಕ ಬರೆಯುತ್ತೇನೆ. ಕರಾರಿನ ಅವಧಿಯ ಒಟ್ಟು ಬಾಡಿಗೆ, ಅದಕ್ಕೆ ಡಿಪಾಜಿಟ್ಟಿನ ಮೇಲೆ ವರ್ಷಕ್ಕೆ ಶೇ 10ರಂತೆ ಕಾಲ್ಪನಿಕ ಬಡ್ಡಿ ಕೂಡಿಸಿ, ಬಂದ ಮೊತ್ತದ ಶೇ 0.25. ಹನ್ನೊಂದು ತಿಂಗಳಿಗೆ 1,76,000 ಬಾಡಿಗೆ, ಬಡ್ಡಿ ಸುಮಾರು 4,600. ಶುಲ್ಕ 450 ರೂಪಾಯಿ ಆಸುಪಾಸು. ನೋಂದಣಿ ನಗರ ವ್ಯಾಪ್ತಿಯಲ್ಲಿ 1,000. ಅದಕ್ಕಿಂತ ಮೇಲೆ ಕೇಳಿದ್ದು ಮನೆಗೆ ಬಂದು ಹೆಬ್ಬೆಟ್ಟು ತೆಗೆದುಕೊಳ್ಳುವವನ ಸಂಭಾವನೆ, ಅಷ್ಟೆ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾನೂನಿನಲ್ಲಿ ಈ ಕರಾರಿನ ನೋಂದಣಿ ಕಡ್ಡಾಯ; ಹನ್ನೊಂದೇ ತಿಂಗಳು ಎಂದು ನೋಟರಿಯಲ್ಲಿ ಮುಗಿಸುವ ಪದ್ಧತಿ ಇಲ್ಲಿ ನಡೆಯದು. ಎಲ್ಲ ಸೇರಿ 83,500 ರೂಪಾಯಿಯಲ್ಲಿ ಸಂಸಾರ ಒಳಗೆ ಹೋಗುತ್ತದೆ. ಅಲ್ಲಿ 4.85 ಲಕ್ಷ.

ಹಾಗೆಂದು ಮುಂಬಯಿ ಅಗ್ಗ ಎಂದು ಬರೆದರೆ ಓದುಗರು ನಗುತ್ತಾರೆ. ಇಲ್ಲಿ ಬಾಡಿಗೆಗಿಂತ ಖರೀದಿ ಕೊಲ್ಲುತ್ತದೆ. 40 ಲಕ್ಷ ಸಾಲ, ಇಪ್ಪತ್ತು ವರ್ಷ, ಶೇ 8.5 ಬಡ್ಡಿ ಎಂದರೆ ತಿಂಗಳ ಕಂತು ಸುಮಾರು 34,700. ಮೇಲಿನ ಬಾಡಿಗೆಯ ಎರಡು ಪಟ್ಟಿಗಿಂತ ಹೆಚ್ಚು. ಗಲ್ಫಿನ ಉಳಿತಾಯ ನಿಜವಾಗಿ ಉಪಯೋಗಕ್ಕೆ ಬರುವುದು ಈ ಕಂತಿಗೆ. ಮುಂಬಯಿ ನಗರದಲ್ಲಿ ಮೆಟ್ರೋ ಸೆಸ್ ಸೇರಿ ಮುದ್ರಾಂಕ ಶೇ 6, ಹೆಣ್ಣುಮಕ್ಕಳ ಹೆಸರಲ್ಲಿ ಕೊಂಡರೆ ಶೇ 1 ರಿಯಾಯಿತಿ. 60 ಲಕ್ಷದ ಮನೆಗೆ ಆ ಒಂದು ಶೇಕಡಾ 60,000 ರೂಪಾಯಿ. ಪತ್ನಿಯ ಹೆಸರಿಗೆ ಮಾಡಲು ಹಿಂಜರಿಯುವ ಗಂಡಸರು ಕನಿಷ್ಠ ಇದನ್ನಾದರೂ ಯೋಚಿಸಲಿ.

ಯಾವುದು ಎಲ್ಲಿ ಸೋವಿ ಎನ್ನುವುದಕ್ಕೆ ಒಂದು ಸರಳ ಸೂತ್ರವಿದೆ. ಇನ್ನೊಬ್ಬರ ಕೈಗೆಲಸ ಎಷ್ಟು ಬೇಕೋ ಅಷ್ಟು ಅಲ್ಲಿ ದುಬಾರಿ, ಇಲ್ಲಿ ಅಗ್ಗ. ಹಡಗಿನಲ್ಲಿ ಬಂದು ಇಳಿಯುವ ವಸ್ತು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ, ಕೆಲವೊಮ್ಮೆ ಅಲ್ಲೇ ಅಗ್ಗ. ಫೋನು, ಲ್ಯಾಪ್‌ಟಾಪು, ಕಾರು, ಪೆಟ್ರೋಲು ಎರಡನೇ ಗುಂಪು. ಮುಂಬಯಿಯಲ್ಲಿ ಪೆಟ್ರೋಲು ಲೀಟರಿಗೆ ನೂರು ದಾಟಿದ್ದು 2021ರ ಮೇ ಕೊನೆಗೆ. ಇಸ್ತ್ರಿ, ಕ್ಷೌರ, ರವಿಕೆ ಹೊಲಿಗೆ, ನಲ್ಲಿ ರಿಪೇರಿ, ಅಡುಗೆಯವರು, ಡಬ್ಬಾ, ಮನೆಬಾಗಿಲಿಗೆ ಬರುವ ಹಾಲು ಪೇಪರು, ಗಲ್ಲಿಯ ಡಾಕ್ಟರು ಇವೆಲ್ಲ ಮೊದಲನೇ ಗುಂಪು. ಆಟೋ ಕನಿಷ್ಠ ದರ 2025ರ ಫೆಬ್ರವರಿಯಲ್ಲಿ 23ರಿಂದ 26ಕ್ಕೆ, ಬೆಸ್ಟ್ ಬಸ್ಸಿನದು ಅದೇ ಮೇ ತಿಂಗಳಲ್ಲಿ 5ರಿಂದ 10ಕ್ಕೆ ಏರಿದಾಗ ನಾವೆಲ್ಲ ಗೊಣಗಿದೆವು, ಸರಿಯಾಗಿಯೇ. ಆದರೂ ದುಬೈ ಮೆಟ್ರೋದಲ್ಲಿ ಒಂದೇ ವಲಯದೊಳಗಿನ ಪ್ರಯಾಣಕ್ಕೆ 3 ದಿರ್ಹಂ, ಎರಡು ವಲಯ ದಾಟಿದರೆ 7.50. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಸೆಕೆಂಡ್ ಕ್ಲಾಸಿನ ತಿಂಗಳ ಪಾಸೇ ನಾನೂರು ರೂಪಾಯಿಯೊಳಗೆ.

ಅರ್ಥಶಾಸ್ತ್ರಜ್ಞರು ಇದನ್ನು ಅಳೆದಿದ್ದಾರೆ. ವಿಶ್ವಬ್ಯಾಂಕ್ ನಡೆಸುವ ಅಂತಾರಾಷ್ಟ್ರೀಯ ಬೆಲೆ ಹೋಲಿಕೆಯ 2017ರ ಸುತ್ತಿನಲ್ಲಿ, ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸರಕು ಸೇವೆ ಭಾರತದಲ್ಲಿ 20.65 ರೂಪಾಯಿಗೆ ಸಿಗುತ್ತದೆ ಎಂದು ಬಂತು. ಆಗ ಪೇಟೆಯ ವಿನಿಮಯ ದರ 65.12. ಸುಮಾರು ಮೂರು ಪಟ್ಟು ವ್ಯತ್ಯಾಸ. ಅಂತರ್ಜಾಲದಲ್ಲಿ ಸಿಗುವ 'ಅಲ್ಲಿಯ ಇಷ್ಟು ಸಂಬಳ ಇಲ್ಲಿಯ ಇಷ್ಟಕ್ಕೆ ಸಮ' ಎಂಬ ಯಂತ್ರಗಳು ಹಲವು ಇದನ್ನೇ ಹಿಡಿದು ಲೆಕ್ಕ ಕೊಡುತ್ತವೆ. ಎಚ್ಚರಿಕೆ ಬೇಕಾದದ್ದು ಇಷ್ಟಕ್ಕೆ: ಅದು ಇಡೀ ದೇಶದ ಸರಾಸರಿ. ಕಾರ್ಕಳದ ಹಳ್ಳಿಯ ಮನೆ ಬಾಡಿಗೆಯೂ ಅದರಲ್ಲಿದೆ, ಮುಂಬಯಿಯ ಮುಲುಂಡಿನದ್ದೂ ಇದೆ. ಮುಂಬಯಿಯ ಸೂರಿಗೆ ಆ ಸರಾಸರಿ ಹಾಕಿದರೆ ಮೋಸಹೋಗುತ್ತೀರಿ. ಮುಂಬಯಿಯ ಇಸ್ತ್ರಿಯವನಿಗೆ ಹಾಕಬಹುದು.

ಗಲ್ಫಿಗೆ ತದ್ವಿರುದ್ಧದ ಲೆಕ್ಕ ಜರ್ಮನಿಯದ್ದು. ಪುಣೆಯ ಹಿಂಜವಡಿ, ಚಾಕಣದ ಎಂಜಿನಿಯರ್ ಹುಡುಗರು ಈಚೆಗೆ ಆ ಕಡೆ ಹೆಚ್ಚು ಹೋಗುವುದರಿಂದ ಸ್ವಲ್ಪ ವಿವರ ಬೇಕು. ಅಲ್ಲಿ ಮಧ್ಯಮ ಸಂಬಳದ ಒಂಟಿ ನೌಕರನ ಕೈಗೆ ಬರುವ ಮುಂಚೆಯೇ ಮೂರನೇ ಒಂದಕ್ಕಿಂತ ಹೆಚ್ಚು ಕಡಿತವಾಗುತ್ತದೆ: ಆದಾಯ ತೆರಿಗೆ, ಪಿಂಚಣಿಗೆ ಶೇ 9.3, ನಿರುದ್ಯೋಗ ವಿಮೆಗೆ 1.3, ಆರೋಗ್ಯ ವಿಮೆಯ ಅರ್ಧಪಾಲು, ಆರೈಕೆ ವಿಮೆ. ಪೇ ಸ್ಲಿಪ್ ನೋಡಿ ಎದೆ ಒಡೆದುಕೊಳ್ಳುವವರು ಇದ್ದಾರೆ. ಆದರೆ ದುಡಿಯದ ಹೆಂಡತಿಯೂ ಮಕ್ಕಳೂ ಸರಕಾರಿ ಆರೋಗ್ಯ ವಿಮೆಯಲ್ಲಿ ಹೆಚ್ಚುವರಿ ಕಂತಿಲ್ಲದೆ ಸೇರುತ್ತಾರೆ, ಸರಕಾರಿ ಶಾಲೆಗೆ ಶುಲ್ಕವಿಲ್ಲ, ಮಗುವೊಂದಕ್ಕೆ ತಿಂಗಳಿಗೆ ಮಕ್ಕಳ ಭತ್ಯೆ (2025ರಲ್ಲಿ 255 ಯೂರೋ), ಹೆಂಡತಿ ಬಂದು ನೋಂದಾಯಿಸಿದ ಮೇಲೆ ಮೂರನೇ ತೆರಿಗೆ ವರ್ಗಕ್ಕೆ ಬದಲಾದರೆ ಕಡಿತವೂ ಇಳಿಯುತ್ತದೆ. ದುಬೈ ಒಂಟಿಗನಿಗೆ ಉಡುಗೊರೆ, ಕುಟುಂಬಸ್ಥನಿಗೆ ದಂಡ. ಜರ್ಮನಿ ಅದನ್ನು ಮಗುಚಿ ಹಾಕುತ್ತದೆ. ಒಂದೇ ಸಂಬಳದ ಎರಡು ಆಫರುಗಳಿದ್ದಾಗ, ಒಂಟಿಯಾಗಿ ಐದು ವರ್ಷ ದುಡಿದು ಮರಳುವವನಿಗೂ ಸಂಸಾರ ಕಟ್ಟಿಕೊಂಡು ಹೋಗುವವನಿಗೂ ಒಂದೇ ಸಲಹೆ ಕೊಡುವವರನ್ನು ನಂಬಬೇಡಿ.

ಜರ್ಮನಿಯ ಮನೆಗಳಲ್ಲಿ ಎಡವುವ ಜಾಗಗಳು ಬೇರೆ. ಜಾಹೀರಾತಿನ ಬಾಡಿಗೆ ಸಾಮಾನ್ಯವಾಗಿ 'ಕಾಲ್ಟ್', ಬರಿಯ ಬಾಡಿಗೆ. ಹೀಟಿಂಗು, ನೀರು, ಕಸ, ಮೆಟ್ಟಿಲು ಗುಡಿಸುವುದು ಸೇರಿದರೆ 'ವಾರ್ಮ್'. ಕರೆಂಟು, ಇಂಟರ್‌ನೆಟ್ಟು ಸಾಮಾನ್ಯವಾಗಿ ಅದಕ್ಕೂ ಹೊರಗೆ. ಹೀಟಿಂಗಿಗೆ ತಿಂಗಳಿಗೆ ಕೊಡುವುದು ಅಂದಾಜಿನ ಮುಂಗಡ. ವರ್ಷದ ಲೆಕ್ಕ ಆಮೇಲೆ ಬರುತ್ತದೆ, ಮುಂಬಯಿಯ ಅಭ್ಯಾಸದಂತೆ ಕಿಟಕಿ ತೆರೆದಿಟ್ಟು ಹೀಟರ್ ಉರಿಸಿದವರಿಗೆ ದೊಡ್ಡ ಬಾಕಿ ಬರುತ್ತದೆ. ಬಹಳ ಮನೆಗಳಲ್ಲಿ ಅಡುಗೆಮನೆ ಎಂದರೆ ನಾಲ್ಕು ಗೋಡೆ ಮತ್ತು ನಲ್ಲಿಯ ಪೈಪು. ಒಲೆ, ಕಪಾಟು, ಸಿಂಕು ಎಲ್ಲ ನೀವೇ ತರಬೇಕು, ಇಲ್ಲವೇ ಹಿಂದಿನವರಿಂದ ಕೊಳ್ಳಬೇಕು. ಠೇವಣಿ ಬರಿಯ ಬಾಡಿಗೆಯ ಮೂರು ತಿಂಗಳಿಗೆ ಮೀರುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕು ಕಾನೂನಿನಲ್ಲೇ ಇದೆ, ಹೊಸಬರು ಕೇಳುವುದಿಲ್ಲ. ಟಿವಿ ಇರಲಿ ಬಿಡಲಿ, ಮನೆಯೊಂದಕ್ಕೆ ಪ್ರಸಾರ ಶುಲ್ಕ ತಿಂಗಳಿಗೆ 18.36 ಯೂರೋ. ದೇಶವಿಡೀ ಸ್ಥಳೀಯ ಸಾರಿಗೆಯಲ್ಲಿ ಓಡಾಡುವ ತಿಂಗಳ ಪಾಸು 2023ರ ಮೇಯಲ್ಲಿ 49 ಯೂರೋಗೆ ಶುರುವಾಗಿ 2025ರಲ್ಲಿ 58, 2026ರಲ್ಲಿ 63 ಆಯಿತು. ಆದರೂ ಸ್ವಂತ ಕಾರಿಗಿಂತ ಎಷ್ಟೋ ವಾಸಿ.

ಬ್ರಿಟನ್ನಿನ ಬಗ್ಗೆ ಒಂದೇ ಮಾತು. ಅಲ್ಲಿ ಆಸ್ಪತ್ರೆ ಪುಕ್ಕಟೆ ಎನ್ನುವವರಿಗೆ ಆರೋಗ್ಯ ಸರ್‌ಚಾರ್ಜಿನ ವಿಷಯ ಗೊತ್ತಿರುವುದಿಲ್ಲ. 2024ರ ಫೆಬ್ರವರಿ 6ರಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡು, ಮಕ್ಕಳಿಗೆ 776. ವೀಸಾ ಎಷ್ಟು ವರ್ಷದ್ದೋ ಅಷ್ಟೂ ಅರ್ಜಿಯ ಜೊತೆಗೇ. ಗಂಡ, ಹೆಂಡತಿ, ಒಂದು ಮಗು, ಮೂರು ವರ್ಷಕ್ಕೆ 8,538 ಪೌಂಡು. ಪೌಂಡಿಗೆ 115 ಹಿಡಿದರೂ ವಿಮಾನ ಹತ್ತುವ ಮುನ್ನ 9.8 ಲಕ್ಷ ರೂಪಾಯಿ. ಕಂಪೆನಿ ಕೊಡುತ್ತದೋ, ಕೊಟ್ಟರೆ ಬರೀ ನೌಕರನದ್ದೋ ಎಲ್ಲರದ್ದೋ ಎಂದು ಆಫರ್ ಪತ್ರದಲ್ಲಿ ಬರೆಸಿಕೊಳ್ಳಿ. ಅಮೆರಿಕದ ಸಂಬಳ ದೊಡ್ಡದೇ, ಆದರೆ ಅಂಗಡಿಯ ಬೆಲೆಚೀಟಿಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ, ಹೋಟೆಲು ಬಿಲ್ಲಿನ ಮೇಲೆ ಟಿಪ್ಸ್ ಬೇರೆ, ವಿಮೆ ಇದ್ದರೂ ವರ್ಷಕ್ಕೆ ಇಷ್ಟರವರೆಗೆ ಆಸ್ಪತ್ರೆ ಖರ್ಚು ನಿಮ್ಮದೇ ಎಂಬ ಷರತ್ತು ಇರುತ್ತದೆ.

ಹೋಲಿಕೆಯಲ್ಲಿ ಕೊನೆಗೆ ನೆನಪಾಗುವುದು, ಮೊದಲು ನೋಡಬೇಕಾದದ್ದು, ಕೆಲಸ ಬಿಡುವ ದಿನ ಬರುವ ಹಣ. ಯುಎಇಯಲ್ಲಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ, ಅನಂತರ 30 ದಿನದ ಮೂಲವೇತನ ಗ್ರಾಚುಯಿಟಿ, ಒಟ್ಟು ಎರಡು ವರ್ಷದ ವೇತನ ಮೀರುವಂತಿಲ್ಲ. ಒತ್ತು 'ಮೂಲವೇತನ'ದ ಮೇಲಿದೆ. ಒಂಬತ್ತು ಸಾವಿರದಲ್ಲಿ 3,600 ಮಾತ್ರ ಬೇಸಿಕ್, ಉಳಿದದ್ದು ಭತ್ಯೆ ಎಂದು ಬರೆದಿದ್ದರೆ ದಿನದ ಲೆಕ್ಕ 120 ದಿರ್ಹಂ. ಐದು ವರ್ಷ ದುಡಿದವನಿಗೆ 12,600 ದಿರ್ಹಂ, ಮೂರು ಲಕ್ಷ ರೂಪಾಯಿಯೂ ಇಲ್ಲ. ಬೇಸಿಕ್ 6,000 ಆಗಿದ್ದರೆ 21,000. ಸಂಬಳ ಒಂದೇ, ಕಾಗದದ ಮೇಲಿನ ವಿಂಗಡಣೆ ಬೇರೆ. ಸಂದರ್ಶನದಲ್ಲಿ ಇನ್ನೂರು ದಿರ್ಹಂ ಹೆಚ್ಚಿಗೆ ಕೇಳುವ ಬದಲು ಬೇಸಿಕ್ ಏರಿಸಿ ಎನ್ನಿ. ಮುಂಬಯಿಯಲ್ಲಿ ಅದೇ ಅವಧಿಯಲ್ಲಿ ನೌಕರನದ್ದೂ ಕಂಪೆನಿಯದ್ದೂ ಶೇ 12ರಂತೆ ಪಿಎಫ್ ಕಟ್ಟುತ್ತಾ ಹೋಗಿರುತ್ತದೆ, ಬಡ್ಡಿ 2024-25ಕ್ಕೆ ಶೇ 8.25. ಹೊರದೇಶಕ್ಕೆ ಹೋದವನು ಇದನ್ನು ತಾನೇ ಪ್ರತಿ ತಿಂಗಳು ಕಟ್ಟಿಟ್ಟರೆ ಮಾತ್ರ ಹೋಲಿಕೆ ಸಮ.

ಇನ್ನು ಇಲ್ಲಿಯ ಬದಿಯ ಸೋರಿಕೆಗಳು. ಹೊರಟವರು ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನೇ ಇಟ್ಟುಕೊಂಡು ಅದಕ್ಕೇ ಹಣ ಕಳಿಸುತ್ತಾರೆ. ಅನಿವಾಸಿಯಾದ ಮೇಲೆ ಅದನ್ನು ಎನ್‌ಆರ್‌ಒ (ಅನಿವಾಸಿಯ ಇಲ್ಲಿಯ ಆದಾಯದ ಖಾತೆ) ಮಾಡಿಸಬೇಕು, ಹೊರಗಿನ ದುಡಿಮೆಗೆ ಎನ್‌ಆರ್‌ಇ ಖಾತೆ ತೆರೆಯಬೇಕು. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ಎನ್‌ಆರ್‌ಒ ಬಡ್ಡಿಯಲ್ಲಿ ಶೇ 30 ಮತ್ತು ಸೆಸ್ ಮೂಲದಲ್ಲೇ ಕಡಿತ. ಖಾಲಿ ಬಿದ್ದ ಫ್ಲ್ಯಾಟನ್ನು ಬಾಡಿಗೆಗೆ ಕೊಡುವಾಗ ಇನ್ನೊಂದು ತೊಡಕು: ಮಾಲೀಕ ಅನಿವಾಸಿಯಾದರೆ ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಬಾಡಿಗೆದಾರ ಶೇ 31.2 ತೆರಿಗೆ ಹಿಡಿದು ಕಟ್ಟಬೇಕು. ತಿಂಗಳಿಗೆ 50,000 ದಾಟಿದರೆ ಮಾತ್ರ ಎಂಬ ನಿಯಮ ನಿವಾಸಿ ಮಾಲೀಕರಿಗೆ. ಇದು ತಿಳಿಯದೆ ಪೂರ್ತಿ ಬಾಡಿಗೆ ಕೊಟ್ಟ ಬಾಡಿಗೆದಾರನೇ ಬಾಕಿದಾರನಾಗುತ್ತಾನೆ, ಆಮೇಲೆ ಇಬ್ಬರಿಗೂ ಜಗಳ. ಸೊಸೈಟಿಯವರು ಬಾಡಿಗೆಗೆ ಕೊಟ್ಟದ್ದಕ್ಕೆ ಹಾಕುವ ನಾನ್-ಆಕ್ಯುಪೆನ್ಸಿ ಶುಲ್ಕ ಸೇವಾ ಶುಲ್ಕದ ಶೇ 10 ಮೀರಬಾರದು ಎಂದು 2001ರಲ್ಲೇ ಸರಕಾರಿ ಆದೇಶವಿದೆ. ಕಮಿಟಿಯವರಿಗೆ ನೆನಪಿಸಬೇಕಾಗುತ್ತದೆ.

ಆರೋಗ್ಯ ವಿಮೆಯನ್ನಂತೂ ಬಿಡಲೇಬೇಡಿ. 'ಅಲ್ಲಿ ಕಂಪೆನಿಯ ಕಾರ್ಡು ಇದೆಯಲ್ಲ' ಎಂದು ಇಲ್ಲಿಯ ಪಾಲಿಸಿ ನಿಲ್ಲಿಸಿದವರು ಐವತ್ತರ ವಯಸ್ಸಿಗೆ ಸಕ್ಕರೆ ಕಾಯಿಲೆಯೊಂದಿಗೆ ಮರಳಿ ಹೊಸ ಪಾಲಿಸಿ ಕೊಂಡರೆ, ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯುವ ಅವಧಿ ಹಾಕಬಹುದು. ಹೊರಗಿದ್ದಾಗಲೂ ಕಂತು ಕಟ್ಟುತ್ತಿದ್ದರೆ ಆ ಅವಧಿ ಸದ್ದಿಲ್ಲದೆ ಕಳೆದಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳಿಗೆ ಜಿಎಸ್‌ಟಿಯೂ ಇಲ್ಲ.

ಮುಂಬಯಿಯ ನಮ್ಮ ಸಂಘ ಸಂಸ್ಥೆಗಳಲ್ಲಿ ಒಂದು ವಿನಂತಿ. ಮಾಟುಂಗಾದಿಂದ ಮೀರಾ ರೋಡ್‌ವರೆಗೆ ಉದ್ಯೋಗ ಮಾರ್ಗದರ್ಶನ ಶಿಬಿರಗಳು ನಡೆಯುತ್ತವೆ, ಭಾಷಣಗಳೂ ನಡೆಯುತ್ತವೆ. ಒಂದು ಗಂಟೆ ಭಾಷಣ ಕಡಿಮೆ ಮಾಡಿ, ಹೊರಟವರ ಆಫರ್ ಪತ್ರವನ್ನು ಒಬ್ಬ ಲೆಕ್ಕ ಬಲ್ಲವರ ಮುಂದಿಟ್ಟು ಓದಿಸಿ. ಬೇಸಿಕ್ ಎಷ್ಟು, ವಸತಿ ಕಂಪೆನಿಯದ್ದೋ ಭತ್ಯೆಯೋ, ಕುಟುಂಬದ ವಿಮೆ ಯಾರದ್ದು, ವರ್ಷದ ಟಿಕೆಟು ಒಬ್ಬರಿಗೋ ಎಲ್ಲರಿಗೋ, ಮೊದಲ ದಿನದ ನಗದು ಎಲ್ಲಿಂದ. ಹತ್ತನೇ ತರಗತಿ ಪಾಸಾಗದವರು ಇಸಿಆರ್ (ಹೊರಡುವ ಮುನ್ನ ವಲಸೆ ಅನುಮತಿ ಬೇಕಾದ) ಪಾಸ್‌ಪೋರ್ಟಿನಲ್ಲಿ ಹೊರಟಿದ್ದರೆ ಏಜೆಂಟ್ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತನೋ ಎಂದು ಅಲ್ಲೇ ಕುಳಿತು ನೋಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಜಿಎಸ್‌ಟಿ ಬಿಟ್ಟು 30,000 ರೂಪಾಯಿ ಮೀರುವಂತಿಲ್ಲ, ಅದಕ್ಕೆ ರಸೀದಿ ಕೊಡಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಹತ್ತು ಲಕ್ಷದ ವಿಮೆಗೆ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು, ತೆರಿಗೆ ಬೇರೆ. ಲಕ್ಷಗಟ್ಟಲೆ ಕೇಳುವ ಏಜೆಂಟನ ಪಟ್ಟಿಯಲ್ಲಿ ಈ 275 ರೂಪಾಯಿಯ ಸಾಲು ಇದೆಯೋ ಎಂದೂ ನೋಡಿ.

ಇತಿ,
ಒಬ್ಬ ಓದುಗ
ಡೊಂಬಿವಲಿ ಪೂರ್ವ